ಢಮ್ ಆದಮೇಲಿನ ಊಂ

ಶಿವಮೊಗ್ಗದ ಗೋಪಾಳದಲ್ಲಿ ತೋಟ ಇದ್ದವರು ಬೀದಿಗೆ ನಾಲ್ಕು ಮಂದಿ. ತೋಟೆಗಾಗಿ, ಅಂದರೆ ಕೋವಿಗೆ ತುಂಬುವ ಈಡಿಗಾಗಿ, ಒದ್ದಾಡುತ್ತಿದ್ದವರು ವಿಶ್ವಾರಾಧ್ಯ ಮೇಷ್ಟ್ರು ಒಬ್ಬರೇ. ಅವರ ಮನೆಯಲ್ಲಿದ್ದದ್ದು ತೀರಿಕೊಂಡ ಅಪ್ಪ ಶಿವಶಂಕರಪ್ಪನವರಿಂದ ಬಂದ ಬೇಟೆಕೋವಿ. ಹೆಬ್ಬೆರಳು ತೂರುವಷ್ಟು ದಪ್ಪ ನಳಿಗೆ, ಒಂದು ಸಲಕ್ಕೆ ಒಂದೇ ಈಡು. ಇನ್ನೊಂದು ತುಂಬುವಷ್ಟರಲ್ಲಿ ಬೇಟೆ ನೆಂಟರ ಮನೆ ಸೇರಿರುತ್ತದೆ. ಮನೆಯವರು ಅದನ್ನು ಒಂಟಿಸಲಗ ಎನ್ನುತ್ತಿದ್ದರು. ಬೇಟೆಯ ಕಾಲ ಹೋದಮೇಲೆ ಸಲಗ ಸಾಧುವಾಗಿತ್ತು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು, ಚುನಾವಣೆ ಬಂದಾಗೆಲ್ಲ ಠಾಣೆಯಲ್ಲಿ ಕೂತು ಬರುತ್ತಿತ್ತು. ಆ ಅಳತೆಯ ತೋಟೆ ಅಂಗಡಿಗಳಿಗೆ ಬರುವುದೇ ನಿಂತಿತ್ತು. ಈಡು ಸಿಗದೆ ಮೇಷ್ಟ್ರ ಆಸೆ ಈಡೇರಲಿಲ್ಲ.

ಆಸೆಯಾದರೂ ಹೊಡೆಯುವುದಲ್ಲ, ಕೇಳುವುದು. ಮೇಷ್ಟ್ರು ಅನುಕರಣೆಯಲ್ಲಿ ಪಳಗಿದವರು. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಸಕ್ರೆಬೈಲಿನ ಆನೆ ಸೊಂಡಿಲಲ್ಲಿ ನೀರೆರಚಿಕೊಳ್ಳುವ ಸದ್ದಿನವರೆಗೆ ಎಲ್ಲವೂ ಅವರ ಬಾಯಲ್ಲಿತ್ತು. ಮದುವೆಮನೆಗಳಲ್ಲಿ ಜನ ಕೇಳಿ ಮಾಡಿಸುತ್ತಿದ್ದದ್ದು ಮಾತ್ರ ಅಪ್ಪನಿಂದ ಕಲಿತ ಕೋವಿಯ ಸದ್ದು. ಅಪ್ಪ ಹರೆಯದಲ್ಲಿ, ಭದ್ರಾವತಿ ಆಚೆಯ ಗುಡ್ಡದಡಿ, ಕಬ್ಬಿಗೆ ನುಗ್ಗಿದ ಹಂದಿಗೆ ಗುರಿಯಿಟ್ಟು ಹೊಡೆದಿದ್ದರಂತೆ. ‘ಢಮ್ ಅಂತು, ಹಂದಿ ಓಡ್ತು. ಆಮೇಲೆ ಗುಡ್ಡ ಊಊಂ ಅಂತ ನಂಗೇ ಬೈತು’ ಎಂದು ಹೇಳುತ್ತಿದ್ದರು.

ಇದನ್ನು ನಂಬದವರೆಂದರೆ ಅಕ್ಕನ ಗಂಡ ಷಡಕ್ಷರಪ್ಪ. ಭದ್ರಾವತಿಯ ಓಲ್ಡ್ ಟೌನಿನವರು, ಅಲ್ಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಾರ ಅನುಕರಣೆಗೂ ನಗದ ಮುಖ. ಕಳೆದ ಯುಗಾದಿ ಊಟಕ್ಕೆ ಕೂತಾಗ ಎಲ್ಲರ ಮುಂದೆಯೇ ಹೋಳಿಗೆ ಮುರಿಯುತ್ತ ಹೇಳಿದ್ದರು: “ಮಾವ ಕೋವಿ ಮುಟ್ಟೇ ಇಲ್ಲ ಮಾರಾಯ. ಕೋವಿ ಎಲ್ಲಾದ್ರೂ ಊಂ ಅನ್ನುತ್ತಾ? ಅದು ನಮ್ಮ ಫ್ಯಾಕ್ಟ್ರಿ ಸೈರನ್ನು.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಆದರೆ ಉಳಿದ ಹೋಳಿಗೆಯನ್ನು ಎಲೆಯಂಚಿಗೆ ಸರಿಸಿದರು. ಆ ಸೈರನ್ನು ಮೇಷ್ಟ್ರ ಬಾಲ್ಯದಲ್ಲೂ ಕೂಗಿತ್ತು. ಭಾವ ಹೇಳಿದಮೇಲೆ ಅಪ್ಪನ ಊಂ ಹಾಗೆಯೇ ಕೇಳತೊಡಗಿತು. ಅಪ್ಪ ಸುಳ್ಳಾದರೆ ತನ್ನ ಬಾಯಿಗೂ ಬೀಗ. ಅಂದಿನಿಂದ ಆ ಸದ್ದು ಮಾಡಲು ನಾಲಗೆ ಏಳಲಿಲ್ಲ.

ಕೊನೆಗೆ ಕೋವಿ ಅಂಗಡಿಯವನು ಎಲ್ಲಿಂದಲೋ ಒಂದೇ ಒಂದು ತೋಟೆ ತರಿಸಿಕೊಟ್ಟ, ಇನ್ನು ಕೇಳಬೇಡಿ ಎಂದ. ಮೇಷ್ಟ್ರು ನಳಿಗೆ ಪರೀಕ್ಷೆ ಮಾಡಿಸಿ, ಅಪ್ಪ ಹೇಳುತ್ತಿದ್ದ ಅದೇ ಗುಡ್ಡದ ಬುಡದಲ್ಲಿ ರೈಫಲ್ ಕ್ಲಬ್ಬಿನವರು ಮಾಡಿಕೊಂಡಿದ್ದ ಮೈದಾನಕ್ಕೆ ಭಾನುವಾರ ಹೊರಟರು. ‘ಬನ್ನಿ ಭಾವ, ಒಂದು ಗುಂಡು ಹಾಕೋಣ’ ಎಂದು ಫೋನಿನಲ್ಲಿ ಕರೆದಾಗ ಷಡಕ್ಷರಪ್ಪನವರು, ಮಠಕ್ಕೆ ನಡೆದುಕೊಳ್ಳುವ ಮನೆ, ಹಗಲುಹೊತ್ತಿನಲ್ಲಿ ಎಂಥ ಮಾತು ಎಂದು ರೇಗಿ, ವಿಷಯ ತಿಳಿದಮೇಲೆ ಇನ್ನಷ್ಟು ಹುರುಪಿನಿಂದ ಬಂದರು. ಗೇಟಿನಾಚೆ ಹುಣಸೆಮರದಡಿ ಟವೆಲ್ ಹಾಸಿ ಕೂತರು.

ಮೈದಾನ ನೋಡಿಕೊಳ್ಳುವ ಮಾಜಿ ಸೈನಿಕನ ಹೆಸರು ಹುಲಿಯಪ್ಪ. ಬೇಟೆಕೋವಿ ತಂದರೆ ಹುಲಿಯೇ ಎದುರು ಬಂತಲ್ಲ ಎಂದು ಮೇಷ್ಟ್ರು ಒಳಗೇ ನಕ್ಕರು. ಹುಲಿಯಪ್ಪ ನಗಲಿಲ್ಲ, ಕಿವಿಗೆ ಹಾಕುವ ದಪ್ಪ ಮುಚ್ಚಳ ಕೈಗಿತ್ತ.

“ಸಾರ್, ನಾನು ಬಂದಿರೋದೇ ಸದ್ದು ಕೇಳೋಕೆ.”

“ಇದಿಲ್ದೆ ಕೇಳಿದ್ರೆ, ಆಮೇಲೆ ಇನ್ನೇನೂ ಕೇಳ್ಸಲ್ಲ.”

ವಾದಿಸಿ ಫಲವಿರಲಿಲ್ಲ. ಮುಚ್ಚಳ ಕೂತೊಡನೆ ಲೋಕ ಹತ್ತಿಯಾಯಿತು. ಮೇಷ್ಟ್ರು ಹಿಡಿಯ ಕೆಳಗಿನ ಸನ್ನೆಕೋಲು ಎಳೆದರು, ಬಾಯಿ ತೆರೆದ ಸಲಗಕ್ಕೆ ತೋಟೆ ಉಣಿಸಿದರು, ಸನ್ನೆಕೋಲು ಮೇಲೆತ್ತಿದರು. ಹಿಡಿಯನ್ನು ಭುಜಕ್ಕೆ ಒತ್ತಿ, ದೂರದ ಕಾಗದದ ಕಪ್ಪು ಬೊಟ್ಟು ನೋಡಿ ಉಸಿರು ಬಿಟ್ಟು ಬೆರಳು ಮಡಿಸಿದರು. ಸಲಗ ಒದೆಯಿತು. ಭುಜ ಹಿಂದಕ್ಕೆ ಹೋಯಿತು, ಹೊಗೆ ಮುಂದಕ್ಕೆ ಹೋಯಿತು. ಸದ್ದು ಮಾತ್ರ ಕಿವಿಗೆ ಬಂದದ್ದು ಪಕ್ಕದ ಮನೆಯಲ್ಲಿ ದಿಂಬು ಬಿದ್ದಂತೆ.

ಮುಚ್ಚಳ ತೆಗೆದಾಗ ಎಲ್ಲ ಮುಗಿದಿತ್ತು. ಟಿಟ್ಟಿಭವೊಂದು ಬೈಯುತ್ತ ಹಾರುತ್ತಿತ್ತು. ಗುಂಡು ಬೊಟ್ಟು ಬಿಟ್ಟು ಕಾಗದದ ಮೂಲೆ ಹರಿದಿದೆ ಎಂದು ಹುಲಿಯಪ್ಪ ಕೂಗಿದ. ಹಂದಿಯಾಗಿದ್ದರೆ ಇದೂ ಓಡಿರುತ್ತಿತ್ತು. ಅದು ಯಾರಿಗೆ ಬೇಕು? ಕೋವಿಯನ್ನು ಅವನ ಮುಂದೆ ತೆರೆದು ತೋರಿಸಿ, ಬೆಂಚಿನ ಮೇಲಿಟ್ಟು, ಮೇಷ್ಟ್ರು ಗೇಟಿನತ್ತ ನಡೆದರು.

ಷಡಕ್ಷರಪ್ಪ ಎದ್ದು ನಿಂತಿದ್ದರು. ಟವೆಲ್ ಕಾಲಡಿಯಲ್ಲಿತ್ತು, ಕಣ್ಣು ಗುಡ್ಡದ ಮೇಲಿತ್ತು.

“ಹೇಗಿತ್ತು ಭಾವ?”

ಭಾವ ಹೇಳಲು ನೋಡಿದರು. ಜೋರಾಗಿತ್ತು ಎಂದರು, ಅಷ್ಟೇ ಅಲ್ಲ ಎಂದರು. ಗುಡ್ಡದ ಕಡೆ ಕೈ ತೋರಿಸಿದರು. ಮಾತು ಸಾಲಲಿಲ್ಲ. ಕೊನೆಗೆ ಆಚೀಚೆ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಜನ್ಮದಲ್ಲಿ ಯಾರನ್ನೂ ಅನುಕರಿಸದ ಆ ಮನುಷ್ಯ ಕೆನ್ನೆ ಉಬ್ಬಿಸಿದರು.

“ಢಮ್... ಊಊಂ.”

ಮೇಷ್ಟ್ರಿಗೆ ಅಪ್ಪ ಎದುರಿಗೇ ನಿಂತಂತಾಯಿತು. ಭುಜದ ನೋವಿನ ಜೊತೆಗೇ ನಗು ಬಂತು.

“ಊಂ ಇನ್ನೂ ಸ್ವಲ್ಪ ಉದ್ದ ಎಳೀಬೇಕು ಭಾವ.”

“ಇಲ್ಲ ಮಾರಾಯ, ಇಷ್ಟೇ,” ಎಂದರು ಷಡಕ್ಷರಪ್ಪ, ಟವೆಲ್ ಕೊಡವಿ ಹೆಗಲಿಗೇರಿಸುತ್ತ. “ಕೇಳಿದ್ದು ನಾನು.”