ಅಬ್ಬಿಗೆರೆಯಲ್ಲಿ ಅಮೆರಿಕಾ ಎಲೆಕ್ಷನ್

ಸಾವಿರದ ಒಂಬೈನೂರ ಅರವತ್ತನೇ ಇಸವಿಯಲ್ಲಿ ಅಬ್ಬಿಗೆರೆ ನರಸಿಂಹಯ್ಯನ ಮಗ ಚನ್ನಕೇಶವನ ಮೈಮೇಲೆ ಅಮೆರಿಕಾ ಬಂದಿತ್ತು. ದೆವ್ವ ಬಂದಿದ್ದರೆ ಬೇವಿನ ಸೊಪ್ಪು ತಂದು ಬಿಡಿಸಬಹುದಿತ್ತು. ಅಮೆರಿಕಾ ಬಂದರೆ ಯಾವ ಮಂತ್ರವಾದಿ ಬಿಡಿಸ್ತಾನೆ ಹೇಳಿ! ಬಿ.ಎ. ಓದುವ ಹುಡುಗ. ಬೆಳಿಗ್ಗೆ ಚಿಕ್ಕಬಾಣಾವರದಲ್ಲಿ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದ. ಕಾಲೇಜು ಬಿಟ್ಟ ಮೇಲೆ ಅಮೆರಿಕನ್ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು ಪತ್ರಿಕೆ ತಿರುವುತ್ತಿದ್ದ. ಸಾಯಂಕಾಲ ಊರಿಗೆ ಬಂದವನೇ, ಓದಿದ್ದನ್ನೆಲ್ಲ ಅರಳಿಕಟ್ಟೆಯ ಮೇಲೆ ಸುರಿಯುತ್ತಿದ್ದ. ಕೇಳುವವರಿಗೆ ಬೇಕೋ ಬೇಡವೋ, ಅದು ಬೇರೆ ಮಾತು.

"ಕೇಳ್ರಪ್ಪಾ ಇಲ್ಲಿ," ಅಂತ ಒಂದು ದಿನ ಶುರು ಹಚ್ಚಿಕೊಂಡ. "ಅಲ್ಲಿ ಸರ್ಕಾರ ರೈತನ ಕೈಗೆ ದುಡ್ಡು ಕೊಡುತ್ತೆ. ಯಾಕೆ ಗೊತ್ತಾ? ಬಿತ್ತಬೇಡ ಅಂತ!"

ಕಟ್ಟೆ ಮೇಲಿದ್ದವರು ಬೀಡಿ ಎಳೆಯುವುದನ್ನೇ ಮರೆತರು. "ಬಿತ್ತು ಅಂತಲೋ, ಬಿತ್ತಬೇಡ ಅಂತಲೋ?"

"ಬಿತ್ತಬೇಡ ಅಂತ! ಗೋಧಿ ಜಾಸ್ತಿ ಆಗ್ಬಿಟ್ರೆ ರೇಟು ಬಿದ್ದೋಗುತ್ತಲ್ಲ, ಅದಕ್ಕೆ. ಈಗಿರೋ ಗೋಧಿ ಇಡೋಕೇ ಜಾಗ ಇಲ್ಲ. ಹಳೇ ಹಡಗುಗಳಲ್ಲಿ ತುಂಬಿ ನದಿಯಲ್ಲಿ ನಿಲ್ಲಿಸಿದಾರೆ."

ಊರಿನ ಡೀಸೆಲ್ ಎಂಜಿನ್ನಿನ ಹಿಟ್ಟಿನ ಮಿಲ್ಲು ಪಿಳ್ಳಪ್ಪನದು. ಮಿಲ್ಲಿಗಿಂತ ಅವನ ಬಾಯಿಯೇ ಜೋರು. "ಅಂಗಾದ್ರೆ ನನ್ನ ಭಾವಮೈದ ಉಟ್ಟಿದಾಗಿಂದ ಒಂದು ಕಾಳು ಬಿತ್ತಿಲ್ಲ ಮಗಾ. ಅವನಿಗೆ ಎಷ್ಟು ಬಾಕಿ ಬರಬೇಕು, ನಿನ್ನ ಅಮೆರಿಕಾಕ್ಕೆ ಒಂದು ಕಾಗದ ಬರಿ!" ಅಂದ. ಕಟ್ಟೆ ಕಟ್ಟೆಯೇ ನಕ್ಕಿತು. ಚನ್ನಕೇಶವ ನಗಲಿಲ್ಲ. ಅರ್ಧ ಪ್ರಪಂಚ ಹಸಿದು ಕೂತಿರುವಾಗ ಭೂಮಿ ಬೀಳು ಬಿಡೋಕೆ ದುಡ್ಡು ಕೊಡುವುದು ನೀತಿಯಲ್ಲ, ಪಾಪ ಅಂದ. ಅಲ್ಲಿನ ಎಲೆಕ್ಷನ್ನಿನಲ್ಲಿ ನಿಕ್ಸನ್ ಬಂದರೆ ಸಾಹುಕಾರರ ರಾಜ್ಯ, ಕೆನಡಿ ಬಂದರೆ ಬಡವರ ರಾಜ್ಯ ಅಂದ. ಅಷ್ಟು ಖಡಾಖಂಡಿತವಾಗಿ ಅಮೆರಿಕಾದವರೂ ಹೇಳುತ್ತಿರಲಿಲ್ಲ.

"ಆ ಕೆನಡಿ ನಿಂಗೇನಾಗ್ಬೇಕೋ? ಸೋದರಮಾವನಾ?" ಅಂತ ಅವರಪ್ಪ ನರಸಿಂಹಯ್ಯ ಮೀಸೆಯಲ್ಲೇ ನಗುತ್ತಿದ್ದ. ಮೂರು ತಲೆಮಾರಿನಿಂದ ಊರಲ್ಲಿ ಅವರ ಮನೆಯದೇ ಮಾತು. ಮಗ ಇಂಗ್ಲಿಷ್ ಪೇಪರು ಓದುತ್ತಾನೆ ಅನ್ನುವ ಹೆಮ್ಮೆ ಅವನಿಗೆ ಹೊಟ್ಟೆ ತುಂಬ ಇತ್ತು, ತೋರಿಸುತ್ತಿರಲಿಲ್ಲ ಅಷ್ಟೆ.

ನವೆಂಬರಿನಲ್ಲಿ ಕೆನಡಿ ಗೆದ್ದ. ಯಶವಂತಪುರ ಸ್ಟೇಷನ್ನಿನಲ್ಲಿ ಪೇಪರು ನೋಡಿದ ಚನ್ನಕೇಶವ ಅಲ್ಲೇ ಕುಣಿದಾಡಿಬಿಟ್ಟ. ಕಡ್ಲೆಪುರಿ ಕಟ್ಟಿಸಿಕೊಂಡು ಬಂದು ಊರಿಗೆಲ್ಲ ಹಂಚಿದ. ಅದಾದ ಸ್ವಲ್ಪ ದಿನಕ್ಕೇ ಅಬ್ಬಿಗೆರೆಯಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು. ಒಂದೇ ಜಾಗಕ್ಕೆ ಇಬ್ಬರು ನಿಂತರು. ಒಂದು ಕಡೆ ನರಸಿಂಹಯ್ಯ, ಇನ್ನೊಂದು ಕಡೆ ಮಿಲ್ಲಿನ ಪಿಳ್ಳಪ್ಪ.

ಸರಿ, ಹುಡುಗನಿಗೆ ಕೇಳಬೇಕೆ!

"ಕೆನಡಿ, ನಿಕ್ಸನ್ನು ಹೆಂಗೆ ಮಾಡಿದ್ರು ಗೊತ್ತಾ? ಇಬ್ಬರೂ ಜನದ ಮುಂದೆ ಅಕ್ಕಪಕ್ಕ ನಿಂತು, ಕೇಳಿದ್ದಕ್ಕೆಲ್ಲ ಜವಾಬು ಕೊಟ್ರು. ಯಾರು ಜಳ್ಳು, ಯಾರು ಕಾಳು ಅಂತ ಜನವೇ ನೋಡಿದ್ರು. ನಾವೂ ಮಾಡೋಣ. ಭಾನುವಾರ, ಇದೇ ಕಟ್ಟೆ ಮೇಲೆ!"

"ನಾನು ನಿಂತ್ಕೊಂಡು ಜವಾಬು ಯೋಳ್ಬೇಕಾ? ಯಾರಿಗೆ?" ಅಂತ ನರಸಿಂಹಯ್ಯ ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಪಿಳ್ಳಪ್ಪ ತೊಡೆ ತಟ್ಟಿಕೊಂಡು, "ನಾನು ಸೈ! ಭಯ ಇರೋರು ಮನೇಲಿರ್ಲಿ!" ಅಂದುಬಿಟ್ಟ. ಇನ್ನು ನರಸಿಂಹಯ್ಯ ಹಿಂದೆ ಸರಿಯುವುದುಂಟೆ? ಅವನೂ ಸೈ ಅಂದ. ಇಬ್ಬರೂ ನಿಂತೇ ಮಾತಾಡಬೇಕು, ಕೇಳಿದ ಪ್ರಶ್ನೆಗೆ ಎರಡು ನಿಮಿಷದಲ್ಲಿ ಜವಾಬು ಹೇಳಬೇಕು, ಹೇಳದೆ ಕಟ್ಟೆ ಇಳಿಯುವ ಹಾಗಿಲ್ಲ ಅಂತ ಚನ್ನಕೇಶವ ಕಾನೂನು ಮಾಡಿದ. ಸಭೆಗೆ ಅಧ್ಯಕ್ಷ ಯಾರು? ಇನ್ಯಾರು, ಅವನೇ.

ಶನಿವಾರ ತಾಯಿ ಗೌರಮ್ಮ ಮಗನನ್ನು ಒಲೆಯ ಮುಂದೆ ಕೂರಿಸಿಕೊಂಡಳು. "ನೋಡು ಕೇಶವ, ನಿಮ್ಮಪ್ಪನ ಮಾನ ನಿನ್ನ ಕೈಲೈತೆ. ಆ ಕೆರೆ ಪಕ್ಕದ ಬೇಲಿ ಇಸ್ಯ ಯಾರೂ ಎತ್ತದಂಗೆ ನೋಡ್ಕೋ. ಊರ ಮುಂದೆ ಅವರ ತಲೆ ತಗ್ಗುಸ್ದ್ಯೋ, ನಿನ್ನ ಓದಿಗೆ ಅವತ್ತೇ ಬೆಂಕಿ ಬಿತ್ತು ಅಂದ್ಕೋ."

ಬೇಲಿಯ ವಿಷಯ ಇಷ್ಟೇ. ದನ ನೀರಿಗಿಳಿಯುವ ದಾರಿಯ ಪಕ್ಕದಲ್ಲಿ ಕೆರೆ ಅಂಗಳದ ಒಂದು ಪಟ್ಟಿ ಜಾಗವಿತ್ತು. ಎರಡು ವರ್ಷದ ಹಿಂದೆ ನರಸಿಂಹಯ್ಯ ಜಾಗಕ್ಕೂ ದಾರಿಗೂ ಸೇರಿಸಿ ಮುಳ್ಳುಬೇಲಿ ಹಾಕಿ, ಒಳಗೆ ಸೇವಂತಿಗೆ ಬೆಳೆದ. ಹೂವು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಯಿತು, ಮಗ ಕಾಲೇಜಿಗೆ ಹೋದ. ಊರ ದನಗಳು ಮಾತ್ರ ಏರಿಯನ್ನು ಪೂರ್ತಿ ಸುತ್ತಿಕೊಂಡು ನೀರಿಗೆ ಹೋಗುತ್ತಿದ್ದವು. ದನ ಹೊಡೆಯುವವರು ಹೆಂಗಸರು. ಬಿಸಿಲಲ್ಲಿ ಸುತ್ತುವ ಕಾಲು ಅವರದು.

"ಯಾರೂ ಎತ್ತಲ್ಲ ಬಿಡಮ್ಮ," ಅಂದ ಚನ್ನಕೇಶವ. ಅವನಿಗೆ ಗೊತ್ತಿತ್ತು. ಗಂಡಸರು ಅಪ್ಪನೆದುರು ಬಾಯಿ ಬಿಡುವುದಿಲ್ಲ. ಪಿಳ್ಳಪ್ಪನ ಮಿಲ್ಲಿನ ಗೋಡೆಯೇ ಬೀದಿಗೆ ಮೂರು ಮೊಳ ಬಂದು ಕೂತಿದೆ, ಅವನು ಯಾವ ಬಾಯಲ್ಲಿ ಕೇಳ್ತಾನೆ? ಹೆಂಗಸರೋ, ಅರಳಿಕಟ್ಟೆಯ ಹತ್ತಿರ ಬರುವ ಪದ್ಧತಿಯೇ ಇಲ್ಲ. ಗೊತ್ತಿದ್ದೂ ಹಾಗೆ ನೆಮ್ಮದಿಯಾಗಿ ಮಲಗಿದ್ದಕ್ಕೆ ಆಮೇಲೆ ಅವನಿಗೇ ನಾಚಿಕೆಯಾಯಿತು.

ತಳವಾರ ಬೀದಿ ಬೀದಿಯಲ್ಲಿ ತಮಟೆ ಬಡಿದು ಸಾರಿದ್ದ. "ಭಾನುವಾರ ಸಂಜೆ ಅರಳಿಕಟ್ಟೆ ತಾವ, ಅಮೆರಿಕಾದಲ್ಲಿ ಮಾಡೋ ಅಂಗೇ ಮಾಡ್ತಾರಂತೆ! ಎಲ್ಲಾರೂ ಬರ್ಬೇಕಂತೆ!" ಚನ್ನಕೇಶವ ಹೇಳಿಕೊಟ್ಟದ್ದೇ ಅದು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆದರೆ ಅಬ್ಬಿಗೆರೆಯ ಹೆಂಗಸರಿಗೆ ಅಮೆರಿಕಾ ಅಂದರೆ ಒಂದೇ ಅರ್ಥ. ಹೋದ ವರ್ಷ ಸ್ಕೂಲಿಗೆ ಅಮೆರಿಕಾದಿಂದ ಡಬ್ಬದಲ್ಲಿ ಹಾಲಿನ ಪುಡಿ ಬಂದಿತ್ತು.

ಭಾನುವಾರ ಸಾಯಂಕಾಲ ಚನ್ನಕೇಶವ ಇಸ್ತ್ರಿ ಷರಟು ತೊಟ್ಟು, ಮನೆಯ ಅಲಾರಂ ಗಡಿಯಾರ ಎತ್ತಿಕೊಂಡು ಬಂದು ನೋಡುತ್ತಾನೆ: ಅಯ್ಯಯ್ಯಪ್ಪಾ! ಊರಿನ ಹೆಂಗಸರೆಲ್ಲ ಚೊಂಬು, ತಪ್ಪಲೆ, ಚೀಲ ಹಿಡಿದುಕೊಂಡು ಕಟ್ಟೆ ಸುತ್ತ ಜಮಾಯಿಸಿದ್ದಾರೆ. ಎಲ್ಲರಿಗಿಂತ ಮುಂದೆ, ಮೂರು ಎಮ್ಮೆ ಸಾಕಿಕೊಂಡು ಒಂಟಿಯಾಗಿ ಬದುಕುತ್ತಿದ್ದ ಲಕ್ಕಮ್ಮ ಕೊಳಗದಷ್ಟು ದೊಡ್ಡ ಪಾತ್ರೆ ಇಟ್ಟುಕೊಂಡು ಕೂತಿದ್ದಾಳೆ.

"ಪುಡಿ ಎಲ್ಲಪ್ಪಾ?"

"ಯಾವ ಪುಡಿ ಲಕ್ಕಮ್ಮ? ಇದು ಎಲೆಕ್ಷನ್ನು!"

"ಅಮೆರಿಕಾದಂಗೆ ಅಂದ್ರಲ್ಲೋ!"

ಪುಡಿ ಇಲ್ಲ ಅಂತ ಗೊತ್ತಾದ ಮೇಲೆ ಎದ್ದ ಗಲಾಟೆ ಏನು ಹೇಳೋಣ! ಒಬ್ಬಳು ಚನ್ನಕೇಶವನಿಗೆ ಬೈದಳು, ಒಬ್ಬಳು ತಳವಾರನಿಗೆ, ಒಬ್ಬಳಂತೂ ಕೆನಡಿಯನ್ನೂ ಬಿಡಲಿಲ್ಲ. ಆದರೆ ಎದ್ದು ಹೋದವಳು ಒಬ್ಬಳೂ ಇಲ್ಲ. "ಬಂದಿದ್ದಾಯ್ತು, ಅದೇನ್ ಕುಣೀತಾರೋ ನೋಡ್ಕೊಂಡೇ ಓಗಣ," ಅಂತ ಲಕ್ಕಮ್ಮ ಪಾತ್ರೆ ಬೋರಲು ಹಾಕಿ ಅದರ ಮೇಲೇ ಕೂತಳು.

ಚನ್ನಕೇಶವ ಗಂಟಲು ಸರಿಮಾಡಿಕೊಂಡ. ಅಧ್ಯಕ್ಷನಾದವನು ಅಭ್ಯರ್ಥಿಯ ಹೆಸರು ಹಿಡಿದೇ ಕರೆಯಬೇಕಲ್ಲ! ಹುಟ್ಟಿದಾಗಿನಿಂದ ಬಾಯಲ್ಲಿ ತರದ ಹೆಸರು. "ಶ್ರೀ... ಶ್ರೀ ನರಸಿಂಹಯ್ಯನವರು," ಅಂದ. "ಅಪ್ಪನ ಹೆಸರು ಹಿಡಿದ್ನಲ್ಲೇ!" ಅಂತ ಹೆಂಗಸರೆಲ್ಲ ಕೆನ್ನೆಗೆ ಬೆರಳಿಟ್ಟರು. ನರಸಿಂಹಯ್ಯನಿಗೂ ಕಸಿವಿಸಿ. ಆದರೂ ಎದ್ದು ನಿಂತು ಚೆನ್ನಾಗಿಯೇ ಮಾತಾಡಿದ. ಸ್ಕೂಲಿಗೆ ಹೆಂಚು ಹಾಕಿಸ್ತೀನಿ, ಜಾಲಹಳ್ಳಿಯಿಂದ ಕರೆಂಟು ಎಳೆಸ್ತೀನಿ ಅಂದ. ಪಿಳ್ಳಪ್ಪ ಎದ್ದು, ಅವರು ಒಂದು ಕಂಬ ನೆಡಿಸಿದರೆ ನಾನು ಹತ್ತು ನೆಡಿಸ್ತೀನಿ ಅಂದ. ಜನ ಶಿಳ್ಳೆ ಹೊಡೆದರು. ಅಲಾರಂ ಬಡಿದಾಗಲೆಲ್ಲ ಮಕ್ಕಳು ಕಿರುಚಿದವು. ಚನ್ನಕೇಶವನ ಎದೆ ಉಬ್ಬಿ ಷರಟಿನ ಗುಂಡಿ ಕಿತ್ತುಹೋಗುವ ಹಾಗಾಯಿತು. ಅಮೆರಿಕಾವೇ ಅಬ್ಬಿಗೆರೆಗೆ ಬಂದಿತ್ತು, ಪುಡಿ ಒಂದು ಬಿಟ್ಟು!

"ಇನ್ನು ಪ್ರಜೆಗಳು ಪ್ರಶ್ನೆ ಕೇಳಬಹುದು!"

ಅವನು ಎಣಿಸಿದ ಹಾಗೆಯೇ ಗಂಡಸರು ನೆಲ ನೋಡಿದರು. ಲಕ್ಕಮ್ಮ ಎದ್ದಳು.

"ನಂದೊಂದೈತೆ. ನರಸಿಂಹಣ್ಣಂಗೆ. ಕರೆಂಟು ಆಮೇಲೆ ಎಳೆಸುವಂತೆ. ದನ ನೀರಿಗೋಗೋ ದಾರಿಗೆ ಯಾಕಣ್ಣ ಬೇಲಿ ಆಕ್ದೆ?"

ಪಿಳ್ಳಪ್ಪ ಆಕಾಶ ನೋಡಿದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವ ಗಾದೆ ಅವನ ನಾಲಿಗೆ ತುದಿಯವರೆಗೆ ಬಂದಿತ್ತೇನೋ, ತನ್ನ ಗೋಡೆಯ ನೆನಪಾಗಿ ನುಂಗಿಕೊಂಡ. ನರಸಿಂಹಯ್ಯ ಮಗನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ, "ಅದನ್ನ ಬಿಡು. ಮುಂದಿಂದು ಕೇಳು," ಅಂದ.

ಚನ್ನಕೇಶವ ಗಡಿಯಾರವನ್ನು ಎದೆಗವಚಿಕೊಂಡ. ಅಪ್ಪನ ಮುಖ ನೋಡಿದರೆ ಹೆದರಿಕೆ, ಲಕ್ಕಮ್ಮನ ಕಾಲು ನೋಡಿದರೆ ನಾಚಿಕೆ. ಒಂದು ಮಾತು ಸಾಕಾಗಿತ್ತು: "ಹೊತ್ತಾಯ್ತು, ಇನ್ನೊಬ್ಬರು ಕೇಳಿ." ಯಾರೂ ತಕರಾರು ಮಾಡುತ್ತಿರಲಿಲ್ಲ. ಬಿ.ಎ. ಮುಗಿಯುತ್ತಿತ್ತು, ಮನೆಯಲ್ಲಿ ಸುಖವಾಗಿರುತ್ತಿತ್ತು. ಆದರೆ ದೊಡ್ಡವರು ಜನಕ್ಕೆ ಜವಾಬು ಹೇಳಬೇಕು ಅಂತ ತಿಂಗಳುಗಟ್ಟಲೆ ಇದೇ ಕಟ್ಟೆ ಮೇಲೆ ಗಂಟಲು ಹರಿದುಕೊಂಡವನು ಯಾರು? ದೊಡ್ಡವರು ಅಂದರೆ ಸಮುದ್ರದ ಆಚೆ ಇರುವವರು ಮಾತ್ರವಾ?

"ಶ್ರೀ ನರಸಿಂಹಯ್ಯನವರೇ." ದನಿ ಒಡೆಯಿತು. ಇನ್ನೊಂದು ಸಲ ಜೋರಾಗಿ ಹೇಳಿದ. "ಶ್ರೀ ನರಸಿಂಹಯ್ಯನವರೇ, ಲಕ್ಕಮ್ಮನವರು ಕೇಳಿದಾರೆ. ನಿಮಗೆ ಎರಡು ನಿಮಿಷ ಇದೆ. ಜವಾಬು ಹೇಳಬೇಕು."

ನರಸಿಂಹಯ್ಯ ಮಗನನ್ನು ದುರುಗುಟ್ಟಿ ನೋಡಿದ, ನೋಡಿದ, ಆಮೇಲೆ ಲಕ್ಕಮ್ಮನ ಕಡೆ ತಿರುಗಿದ.

"ಯಾರೂ ಕೇಳ್ಲಿಲ್ಲ ಕಣವ್ವ, ಅದಕ್ಕೇ ಆಕ್ದೆ," ಅಂದ. "ಮೊದಲ್ನೇ ದಿನ ಒಬ್ಬರಾದ್ರೂ ಬಂದು ಯಾಕಣ್ಣಾ ಅಂದಿದ್ರೆ, ನಾಚ್ಕೆಯಾಗಿ ಕಿತ್ತಾಕ್ತಿದ್ದೆ. ಯಾರೂ ಅನ್ಲಿಲ್ಲ. ನೋಡು, ಇವನೂ ಅನ್ಲಿಲ್ಲ." ಮಗನ ಕಡೆ ಬೆರಳು ಮಾಡಿದ. "ಅಮೆರಿಕಾದ ಗೋಧಿ ಯಾವ ಅಡಗಲ್ಲೈತೆ ಅಂತ ಇವನಿಗೆ ಗೊತ್ತು. ದಿನಾ ರೈಲಿಗೆ ಓಗೋವಾಗ ಅದೇ ಬೇಲಿ ಪಕ್ಕದಲ್ಲೇ ಓಗ್ತಾನೆ. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

ಚನ್ನಕೇಶವನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಕಣ್ಣಲ್ಲಿ ನೀರೇ ಬಂತು. ಅಪ್ಪ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

"ಈಗ ಕೇಳಿದೀನಲ್ಲಣ್ಣ," ಅಂದಳು ಲಕ್ಕಮ್ಮ, ಮೆತ್ತಗೆ.

ನರಸಿಂಹಯ್ಯ ಕಟ್ಟೆ ಇಳಿದು, ಚಪ್ಪಲಿ ಮೆಟ್ಟಿಕೊಂಡು, ಹೆಂಗಸರ ಮಧ್ಯದಿಂದ ಕೆರೆಯ ದಿಕ್ಕಿಗೆ ಸರಸರ ನಡೆದುಬಿಟ್ಟ. ಕೋಪ ಬಂತು ಅಂತ ಎಲ್ಲರೂ ಅಂದುಕೊಂಡರು. ಗೌರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಇವತ್ತು ಮನೆಗೆ ಹೇಗೆ ಹೋಗುವುದು, ಯಾವ ಮುಖ ಇಟ್ಟುಕೊಂಡು ಊಟಕ್ಕೆ ಕೂರುವುದು ಅಂತ ಚನ್ನಕೇಶವ ನಿಂತಲ್ಲೇ ನಿಂತ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಕೂಗು ಬಂತು. "ಲೋ ಅಧ್ಯಕ್ಷ! ಏನೋ ನೋಡ್ತಾ ನಿಂತೆ? ಇಷ್ಟುದ್ದ ಮುಳ್ಳು ಒಬ್ಬನ ಕೈಲಿ ಎಳೆಯಕಾಯ್ತದಾ? ಬಾರೋ!"

ಓಡಿದ ನೋಡಿ! ಗಡಿಯಾರ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ. ಅವನ ಹಿಂದೆ ಲಕ್ಕಮ್ಮ, ಲಕ್ಕಮ್ಮನ ಹಿಂದೆ ತಪ್ಪಲೆ ಬಡಿಯುತ್ತಾ ಇಡೀ ಹೆಂಗಸರ ದಂಡು, ಅವರ ಹಿಂದೆ ಇಷ್ಟು ಹೊತ್ತು ನೆಲ ನೋಡುತ್ತಿದ್ದ ಗಂಡಸರು. ಬಂದವರೆಲ್ಲ ಒಂದೊಂದು ಕಡೆ ಹಿಡಿದು ಎಳೆದರು. ಮುಳ್ಳು ತರಚಿ ಕೈಯೆಲ್ಲ ರಕ್ತವಾದರೂ ಚನ್ನಕೇಶವನಿಗೆ ಹುಚ್ಚು ಸಂತೋಷ, ನಗು ತಡೆಯಲು ಆಗುತ್ತಿಲ್ಲ. ಪಕ್ಕದಲ್ಲಿ ಅಪ್ಪ ಕೊಂಬೆ ಎಳೆಯುತ್ತಾ ಏದುಸಿರು ಬಿಡುತ್ತಿದ್ದ.

"ಏನೋ," ಅಂದ ನರಸಿಂಹಯ್ಯ, ಅವನ ಮುಖ ನೋಡದೆ. "ಇಷ್ಟೆಲ್ಲ ಮಾಡ್ಸಿದ್ಯಲ್ಲ, ನಿನ್ನ ಓಟಾದ್ರೂ ನಂಗೇ ತಾನೆ?"

ಚನ್ನಕೇಶವ ತಲೆ ಕೆರೆದುಕೊಂಡ. "ನಂಗೆಲ್ಲಿ ಓಟಪ್ಪ? ಇಪ್ಪತ್ತೊಂದು ತುಂಬಬೇಕು. ನಂಗಿನ್ನೂ ಇಪ್ಪತ್ತು."

ನರಸಿಂಹಯ್ಯ ಮುಳ್ಳಿನ ಕೊಂಬೆ ಹಿಡಿದುಕೊಂಡೇ ಮಗನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕೆರೆಯ ಆಚೆ ದಡಕ್ಕೂ ಕೇಳುವಂತೆ ನಕ್ಕ.

"ಓಟೇ ಇಲ್ದಿರೋನ ಮುಂದೆ ಕೈಕಟ್ಟಿ ನಿಂತ್ಕಂಡು ಜವಾಬು ಯೋಳಿದ್ನಲ್ಲೋ ನಾನು! ಇಡ್ಕೋ ಆ ಕಡೆ, ಇನ್ನೂ ಅರ್ಧ ಬೇಲಿ ಐತೆ."