ಹಿಂದಿನ ಸಿಲಿಂಡರಿನ ತೊಂಬತ್ತು ಡಿಗ್ರಿ

ಗಂಡ ಹೆಂಡತಿ ಮಾತು ಬಿಟ್ಟರೆ ಮನೆಯ ನೆಮ್ಮದಿ ಕೆಡುತ್ತೆ ಅಂತ ದೊಡ್ಡಮ್ಮನಿಗೆ ಗೊತ್ತಿತ್ತು. ಬೈಕಿನ ಇಂಜಿನ್ನೂ ಕೆಡುತ್ತೆ ಅಂತ ಗೊತ್ತಿರಲಿಲ್ಲ.

ದೊಡ್ಡಮ್ಮ ಅಂತ ಕರೆಯೋದು ಬೀದಿಯವರು. ಮಗ ಸ್ಪ್ಯಾನರ್ ಹಿಡಿಯುವವನು, ಸೊಸೆ ಲ್ಯಾಪ್‌ಟಾಪ್ ಹಿಡಿಯುವವಳು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಇಬ್ಬರೂ ಸೇರಿ ಹಳೇ ಬೈಕುಗಳಿಗೆ ಜೀವ ಕೊಡುತ್ತಿದ್ದರು. ಈಗ ನಾಲ್ಕು ದಿನದಿಂದ ಇಬ್ಬರ ಮುಖವೂ ಊದಿಕೊಂಡಿತ್ತು.

ಆಗಿದ್ದಿಷ್ಟೆ. ದೂರದ ಊರಿನ ದೊಡ್ಡ ವರ್ಕ್‌ಶಾಪಿನವರು ಸೊಸೆಯನ್ನು ಕೆಲಸಕ್ಕೆ ಕರೆದಿದ್ದರು. ಗಂಡನನ್ನು ನೇರವಾಗಿ ಕೇಳೋಕೆ ಅವಳಿಗೆ ಅಭಿಮಾನ ಅಡ್ಡ ಬಂತು. "ಅತ್ತೆ, ಏನಂತಾರೆ ಒಂದು ಮಾತು ಕೇಳಿ" ಅಂದಳು. ದೊಡ್ಡಮ್ಮ ಕೇಳಿ ಬಂದಳು. "ಖುಷಿಯಾಗಿ ಹೋಗಿ ಬರಲಿ ಅಂದ ಕಣೇ." ಅಷ್ಟೇ, ನನ್ನನ್ನು ಕಳಿಸೋಕೆ ಇಷ್ಟು ಖುಷಿಯಾ ಅಂತ ಸೊಸೆಯ ಬಾಯಿ ಬಂದ್ ಆಯಿತು. ಅವಳು ಮಾತು ಬಿಟ್ಟಳು ಅಂತ ಅವನೂ ಬಿಟ್ಟ. ವರ್ಕ್‌ಶಾಪಿಗೆ ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಸೊಸೆ ಹೋಗಿಬಿಟ್ಟರೆ ಈ ಮನೆಯಲ್ಲಿ ತನಗೆ ಮಾತಿಗೆ ಯಾರು ಅಂತ ದೊಡ್ಡಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಆದರೆ ಬಾಯಿಬಿಟ್ಟು ಹೇಳಿದ್ದು ಮಾತ್ರ, "ನನಗೇನಮ್ಮ, ನೀನು ಆರಾಮಾಗಿ ಹೋಗಿ ಬಾ."

ಇದರ ಮಧ್ಯೆ ಹಲ್ಲಿನ ಡಾಕ್ಟರ ಹಳೇ ಬೈಕು ಬಂದು ಕೂತಿತ್ತು. ಅದರ ಇಂಜಿನ್ನೇ ಒಂದು ವಿಚಿತ್ರ. ಎರಡು ಬೆರಳು ಅಗಲಿಸಿದ ಹಾಗೆ ಎರಡು ಸಿಲಿಂಡರು, ಮುಂದೊಂದು ಹಿಂದೊಂದು. ಬೇರೆ ಇಂಜಿನ್‌ಗಳ ಹಾಗೆ ಸಮ ಅಂತರದಲ್ಲಿ ಹೊಡೆಯೋದಿಲ್ಲ. ಟಪ್-ಟಪ್ ಅಂತ ಒಂದರ ಬೆನ್ನಿಗೆ ಒಂದು ಹೊಡೆದು, ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಟಪ್-ಟಪ್. ಒಂದು ಅಂತರ ಗಿಡ್ಡ, ಇನ್ನೊಂದು ಉದ್ದ. ಹಳೇ ಇಗ್ನಿಷನ್ ಕಿತ್ತು, ಹೊರಗಿಂದ ತಂದ ಕಂಪ್ಯೂಟರ್ ಡಬ್ಬಿ ಕೂರಿಸಿದ್ದರು. ಕಿಡಿ ಯಾವಾಗ ಹಾರಬೇಕು ಅನ್ನೋದನ್ನು ಈಗ ಆ ಡಬ್ಬಿಗೆ ಕಲಿಸಬೇಕು. ಇದು ಒಬ್ಬರಿಂದ ಆಗೋ ಕೆಲಸ ಅಲ್ಲ. ಒಬ್ಬರು ಕಿಡಿ ಹಾರಿದಾಗಲೆಲ್ಲ ಮಿನುಗೋ ಟೈಮಿಂಗ್ ಲೈಟ್ ಹಿಡಿದು, ತಿರುಗೋ ಚಕ್ರದ ಮೇಲಿನ ಗುರುತು ಎಷ್ಟು ಡಿಗ್ರಿಯಲ್ಲಿದೆ ಅಂತ ನೋಡಿ ಕೂಗಬೇಕು, ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ ತಿದ್ದಬೇಕು.

ಮಾತು ಬಿಟ್ಟವರು ಕೂಗೋದು ಹೇಗೆ? ಸೊಸೆ ಉದ್ದ ಕೇಬಲ್ ಎಳೆದುಕೊಂಡು, ಗಂಡನ ದನಿ ಕೇಳದ ಹಾಗೆ ಫ್ಯಾನ್ ಜೋರಾಗಿ ಹಾಕಿಕೊಂಡು, ಅಡುಗೆಮನೆಯ ಆಚೆ ಮೂಲೆಯಲ್ಲಿ ಕೂತಳು. ಮಗ ಶೆಡ್ಡಿನಲ್ಲಿ ಮೊಣಕಾಲೂರಿದ. ನಡುವಿನ ಬಾಗಿಲಲ್ಲಿ, ಸೊಪ್ಪು ಬಿಡಿಸುತ್ತಾ, ದೊಡ್ಡಮ್ಮ.

ಪೆಟ್ರೋಲ್ ಬಂದ್ ಮಾಡಿ, ಪ್ಲಗ್ ಬಿಚ್ಚಿಟ್ಟು, ಮಗ ಸ್ಟಾರ್ಟರ್ ಒತ್ತಿದ. ಗರ್ರ್ ಅಂತ ಇಂಜಿನ್ ತಿರುಗಿತು.

"ಅಮ್ಮ, ಹೇಳು ಅವಳಿಗೆ. ಹತ್ತು ಡಿಗ್ರಿ ತೋರಿಸಬೇಕು, ಹದಿನಾರು ತೋರಿಸ್ತಿದೆ! ಏನು, ಕಣ್ಣು ಮುಚ್ಚಿಕೊಂಡು ಮಾಡ್ತಿದಾಳಾ?"

ದೊಡ್ಡಮ್ಮ ಅಡುಗೆಮನೆಗೆ ತಿರುಗಿದಳು. "ಒಂದೆರಡು ಜಾಸ್ತಿ ಇದೆಯಂತಮ್ಮ. ಪರವಾಗಿಲ್ಲ ಅಂದ."

ಸೊಸೆ ಎರಡು ಇಳಿಸಿದಳು. ಮತ್ತೆ ಗರ್ರ್.

"ಇನ್ನೂ ಹದಿನಾಲ್ಕು! ಅವಳಿಗೆ ಮನಸ್ಸಿಲ್ಲದಿದ್ರೆ ಎದ್ದು ಹೋಗು ಅನ್ನು!"

"ಒಂಚೂರು ಇಳಿಸಬೇಕಂತೆ ಕಣೇ. ಚೆನ್ನಾಗಿ ಮಾಡ್ತಿದೀಯಂತೆ."

ಸೊಸೆ ಹುಬ್ಬು ಗಂಟಿಕ್ಕಿ ಒಂದು ಇಳಿಸಿದಳು. ಒಂದೇ ಏಟಿಗೆ ಮುಗಿಯಬೇಕಾದದ್ದು ಹೀಗೆ ಐದು ಸಲ ಓಡಾಡಿ, ಅಂತೂ ಇಂತೂ ಮುಂದಿನ ಸಿಲಿಂಡರ್ ಸರಿಹೋಯಿತು. ಮಗ ಲೈಟಿನ ಕ್ಲಿಪ್ಪನ್ನು ಹಿಂದಿನ ಸಿಲಿಂಡರಿನ ವೈರಿಗೆ ಹಾಕಿದ. ನೋಡಿದವನೇ ತಲೆ ಮೇಲೆ ಕೈ ಹೊತ್ತ.

"ಅಯ್ಯೋ, ಇದರ ಗುರುತು ಎಲ್ಲೋ ಇದೆ! ತೊಂಬತ್ತು ಡಿಗ್ರಿ ಮುಂಚೆ ಕಿಡಿ ಬೀಳ್ತಿದೆ. ಉದ್ದದ ಅಂತರ ಹಾಕೋ ಕಡೆ ಗಿಡ್ಡದ್ದು ಹಾಕಿದಾಳೆ ಅನ್ನು. ಇಂಥ ತಪ್ಪು ಅವಳು ಯಾವತ್ತೂ ಮಾಡಿದವಳಲ್ಲ!"

ತೊಂಬತ್ತು! ದೊಡ್ಡಮ್ಮ ಸೊಪ್ಪು ಬಿಡಿಸೋದನ್ನೇ ನಿಲ್ಲಿಸಿದಳು. ಆರು ಡಿಗ್ರಿ ಹೆಚ್ಚಿದ್ದಕ್ಕೇ ಅವನು ಅಷ್ಟು ಹಾರಾಡಿದ್ದ. ತೊಂಬತ್ತು ಅಂದರೆ ಸೊಸೆ ಈಗಲೇ ಬಟ್ಟೆಬರೆ ಕಟ್ಟುತ್ತಾಳೆ.

"ಹಿಂದಿನದು ಸ್ವಲ್ಪ ಆಚೀಚೆ ಇದೆಯಂತಮ್ಮ" ಅಂದಳು.

ಸೊಸೆ ಎರಡು ಡಿಗ್ರಿ ಆಚೀಚೆ ಮಾಡಿ, "ಆಯ್ತು ಅನ್ನಿ. ಅವರೇ ಒಂದ್ಸಲ ನೋಡಿಕೊಳ್ಳಲಿ" ಅಂದಳು. ಮತ್ತೆ ನೋಡಿದರೆ ಮತ್ತೆ ಹಾರಾಡುತ್ತಾನೆ ಅಂತ ದೊಡ್ಡಮ್ಮ ಮಗನ ಕಡೆ ತಿರುಗಿದಳು.

"ಎಲ್ಲಾ ತಿದ್ದಿದಾಳಂತೆ ಕಣೋ. ನೋಡೋದೇ ಬೇಡ, ಸ್ಟಾರ್ಟ್ ಮಾಡು ಅಂದಳು."

ಹೆಂಡತಿಯ ಮೇಲೆ ಎಷ್ಟೇ ಸಿಟ್ಟಿದ್ದರೂ ಅವಳ ಕೆಲಸದ ಮೇಲೆ ಮಗನಿಗೆ ಅನುಮಾನವಿರಲಿಲ್ಲ. ಪ್ಲಗ್ ಹಾಕಿದ, ಪೆಟ್ರೋಲ್ ಬಿಟ್ಟ, ಬಟನ್ ಒತ್ತಿದ.

ಢಮಾರ್!

ಏರ್ ಫಿಲ್ಟರ್ ಹಾರಿ ಬಂದು ದೊಡ್ಡಮ್ಮನ ಸೊಪ್ಪಿನ ಬುಟ್ಟಿಗೆ ಬಿತ್ತು. ಮಗನ ಮುಖವೆಲ್ಲ ಮಸಿ. ಸೊಸೆ ಲ್ಯಾಪ್‌ಟಾಪ್ ಬಿಟ್ಟು ಓಡಿಬಂದು ಅವನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿದಳು. "ಕಣ್ಣಿಗೇನೂ ಆಗಿಲ್ಲ ತಾನೇ? ರೀ, ಮಾತಾಡ್ರೀ!"

"ತೊಂಬತ್ತು ಡಿಗ್ರಿ ಅಂತ ಹೇಳಿಕಳಿಸಿದ್ನಲ್ಲೇ!"

"ಯಾರು ತೊಂಬತ್ತು ಅಂದ್ರು? ಸ್ವಲ್ಪ ಆಚೀಚೆ ಅಂದ್ರಿ!"

"ನಾನಾ? ನೀನು ತಾನೇ ನೋಡೋದೇ ಬೇಡ ಅಂದಿದ್ದು?"

ಇಬ್ಬರೂ ಬಾಗಿಲ ಕಡೆ ತಿರುಗಿದರು. ದೊಡ್ಡಮ್ಮ ಸೊಪ್ಪಿನೊಳಗಿನ ಏರ್ ಫಿಲ್ಟರನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

"ಅತ್ತೆ," ಸೊಸೆಯ ದನಿ ಇಳಿಯಿತು. "ಹಾಗಾದ್ರೆ ಮೊನ್ನೆ 'ಖುಷಿಯಾಗಿ ಹೋಗಿ ಬರಲಿ' ಅಂದ್ರಲ್ಲ, ಅದು?"

"ಖುಷಿಯಾಗಾ?" ಮಗ ಎದ್ದೇ ನಿಂತ. "ಅವಳು ಹೋದ್ರೆ ಈ ಶೆಡ್ಡಿಗೆ ಬೀಗ ಜಡಿದು ಕೂತ್ಕೋತೀನಿ ಅಂದೆ ನಾನು!"

ಸೊಸೆಯ ಮೂಗು ಕೆಂಪಗಾಯಿತು.

"ಬೀಗ ಗೀಗ ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ…" ಅಂದಳು ದೊಡ್ಡಮ್ಮ. ಬೆಪ್ಪಾಗಿ ಹೋಗಿದ್ದಳು ಪಾಪ. ಇಷ್ಟು ವರ್ಷ ಈ ಮನೆಯ ಖಾರವನ್ನೆಲ್ಲ ತಾನೇ ನುಂಗಿ, ಅತ್ತ ಇತ್ತ ಸಪ್ಪೆಯನ್ನೇ ಬಡಿಸಿದ್ದೆನಲ್ಲ ಅಂತ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಅಳುವೂ ಬಂತು. "ಲೇ, ನಾನೂ ಸುಳ್ಳು ಹೇಳಿದೆ ಕಣೇ. ಆರಾಮಾಗಿ ಹೋಗಿ ಬಾ ಅಂದ್ನಲ್ಲ, ಅದು ಸುಳ್ಳು. ನೀನು ಹೋಗಬೇಡ. ನೀನಿಲ್ಲದೆ ನನಗಾಗಲ್ಲ."

ಸೊಸೆ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಶೆಡ್ಡಿಗೇ ಎತ್ತಿಕೊಂಡು ಬಂದಳು. ಗಂಡನ ಪಕ್ಕದಲ್ಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತು, ಉದ್ದದ ಅಂತರ ಇರಬೇಕಾದ ಕಡೆ ಉದ್ದದ್ದನ್ನು ಹಾಕಿದಳು. "ನಾಲ್ಕು ದಿನದಿಂದ ತಲೆ ನೆಟ್ಟಗಿಲ್ಲ, ಅದಕ್ಕೇ ಅದಲುಬದಲಾಗಿದೆ. ಈಗ ನೋಡ್ರೀ, ಎಷ್ಟು?"

"ಹತ್ತು" ಅಂದ ಮಗ. "ಕರೆಕ್ಟಾಗಿ ಹತ್ತು."

ಬಟನ್ ಒತ್ತಿದ್ದೇ ತಡ, ಟಪ್-ಟಪ್, ಒಂದು ಗಳಿಗೆ ಮೌನ, ಮತ್ತೆ ಟಪ್-ಟಪ್. ಕುಂಟುತ್ತಲೇ ಓಡಿತು, ಅದರ ನಡಿಗೆಯೇ ಹಾಗೆ.

ಅಷ್ಟರಲ್ಲಿ ಸೊಸೆಯ ಫೋನು ಹೊಡೆದುಕೊಂಡಿತು. ವರ್ಕ್‌ಶಾಪಿನವರು. ಮಗ ಇಂಜಿನ್ ಬಂದ್ ಮಾಡಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾ ನಿಂತ. ಸೊಸೆ ಫೋನನ್ನು ಕಿವಿಗಿಟ್ಟುಕೊಂಡು, "ಬರಲ್ಲ ಸರ್. ನನಗೆ ಇಷ್ಟ ಇಲ್ಲ" ಅಂದಳು.

ಅಬ್ಬಾ, ಮುಖಕ್ಕೆ ಹೊಡೆದ ಹಾಗೆ! ಪಾಪ ಅಷ್ಟು ದೊಡ್ಡವರು, ಏನಂದುಕೊಂಡಾರು? ಕೊಂಚ ನಯವಾಗಿ ಹೇಳೇ ಅನ್ನೋಕೆ ದೊಡ್ಡಮ್ಮ ಬಾಯಿ ತೆರೆದಳು. ತಟ್ಟನೆ ನಾಲಿಗೆ ಕಚ್ಚಿಕೊಂಡು, ಬುಟ್ಟಿಯಿಂದ ಏರ್ ಫಿಲ್ಟರ್ ತೆಗೆದು ಮಗನ ಕೈಗೆ ಕೊಟ್ಟಳು.