ಕಳುವಾದ ಇನ್ನೂರ ಹನ್ನೆರಡು ಮರಗಳು

ನಗರದ ಮರಗಳ ಇಲಾಖೆಯಲ್ಲಿ ನಕ್ಷೆ ಬರೆಯುವವಳಿಗೆ ಆ ಸೋಮವಾರ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅವಳ ದೊಡ್ಡಮ್ಮ ಮೂವತ್ತು ವರ್ಷದಿಂದ ಇಸ್ತ್ರಿ ಹಾಕುವ ಬೀದಿ, ನೆರಳೆಂದರೆ ದೀಪದ ಕಂಬದ್ದು ಮಾತ್ರ ಎನ್ನುವಂಥ ಬೀದಿ, ನಕ್ಷೆಯಲ್ಲಿ ದಟ್ಟ ಹಸಿರಾಗಿ ಕುಳಿತಿತ್ತು. ಇನ್ನೂರ ಹನ್ನೆರಡು ಮರ!

ವಿಮಾನದಿಂದ ತೆಗೆದ ಫೋಟೋ ನೋಡಿ ಕಂಪ್ಯೂಟರು ಮರ ಎಣಿಸಿತ್ತು. ಆ ಬೀದಿಯವರೋ, ಬಿಸಿಲು ತಡೆಯಲಾರದೆ ತಗಡಿನ ಮಾಡುಗಳ ಮೇಲೆ ಹಸಿರು ಟಾರ್ಪಾಲು ಹೊದಿಸಿದ್ದರು. ಹಸಿರಾಗಿರುವುದೆಲ್ಲ ಮರವೆಂದು ಆ ಜಾಣ ಯಂತ್ರ ಬರೆದುಕೊಂಡಿತು.

ನಗುವ ವಿಷಯವೇ. ಆದರೆ ಮರ ಕಡಿಮೆಯಿರುವ, ಬಿಸಿಲು ಹೆಚ್ಚಿರುವ ಬೀದಿಗೆ ಮೊದಲು ಗಿಡ ಎಂಬುದು ಹೊಸ ಯೋಜನೆ. ಪಟ್ಟಿ ಶುಕ್ರವಾರ ಮುಚ್ಚುತ್ತಿತ್ತು, ಮುಂದಿನದು ಐದು ವರ್ಷದ ಮೇಲೆ. ಈ ಬೇಸಿಗೆಯಲ್ಲಿ ದೊಡ್ಡಮ್ಮ ಎರಡು ಸಲ ಇಸ್ತ್ರಿ ಮೇಜಿನ ಮುಂದೆಯೇ ತಲೆ ತಿರುಗಿ ಬಿದ್ದಿದ್ದಳು. ಹೀಗೇ ಇನ್ನೂ ಐದು ಬೇಸಿಗೆ ಎಂದರೆ ಅವಳು ಉಳಿಯುವಳೇ ಎಂದು ಇವಳಿಗೆ ಭಯವಾಯಿತು.

ಸಾಹೇಬರ ಬಳಿ ಹೋದಳು. ಸಾಹೇಬರು ಕೆಟ್ಟವರಲ್ಲ; ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಅಷ್ಟೇ.

“ನಕ್ಷೆಗೆ ನಾನು ಸಹಿ ಹಾಕಿ ಆಯ್ತಮ್ಮ. ತಪ್ಪಿದ್ರೆ, ಜಾಗಕ್ಕೆ ಹೋಗಿ ನೋಡಿದ ಅಧಿಕಾರಿ ಬರೆದುಕೊಡ್ಬೇಕು.”

“ಆ ಅಧಿಕಾರಿ ಯಾರು ಸರ್?”

“ನಾನೇ.”

“ಹಾಗಾದ್ರೆ ಒಂದ್ಸಲ ಬಂದು ನೋಡಿ ಸರ್.”

“ಈ ಬಿಸಿಲಲ್ಲಾ?” ಎಂದ ಸಾಹೇಬರು ಫ್ಯಾನು ಜೋರು ಮಾಡಿದರು.

ಸಂಜೆ ಇದನ್ನು ಕೇಳಿ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೇಳಿದಳು, “ಮರ ಕಳುವಾದ್ರೆ ಯಾರೇ ಬರೋದು?”

“ಸಾಹೇಬ್ರೇ ಬರ್ಬೇಕು, ಅದೇ ದಿನ. ಆ ನಿಯಮ ಅವ್ರೇ ಮಾಡಿದ್ದು.”

“ಮತ್ತಿನ್ನೇನು? ಕಾಗದ ತೆಗಿ.”

ಮಾರನೆಯ ಬೆಳಿಗ್ಗೆ ಇಲಾಖೆಗೆ ದೂರು ಬಂತು: ‘ನಿಮ್ಮ ನಕ್ಷೆಯ ಪ್ರಕಾರ ನಮ್ಮ ಬೀದಿಯಲ್ಲಿ ಇನ್ನೂರ ಹನ್ನೆರಡು ಮರಗಳಿವೆ. ಎಷ್ಟು ಹುಡುಕಿದರೂ ಒಂದೂ ಸಿಗುತ್ತಿಲ್ಲ. ದಯವಿಟ್ಟು ಪತ್ತೆ ಮಾಡಿಕೊಡಿ.’

ನಡುಮಧ್ಯಾಹ್ನ ಸಾಹೇಬರು ನಕ್ಷೆಯವಳನ್ನೂ ಕರೆದುಕೊಂಡು ಬಂದಿಳಿದರು. “ಬನ್ನಿ ಸ್ವಾಮಿ, ಕಾಡೊಳಗೆ ಬನ್ನಿ,” ಎಂದು ದೊಡ್ಡಮ್ಮ ಅವರನ್ನು ಮಾಡಿನ ಕೆಳಗೆ ಕೂರಿಸಿದಳು. ಮೇಲೆ ಕಾದ ತಗಡು, ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ. ಎರಡೇ ನಿಮಿಷಕ್ಕೆ ಸಾಹೇಬರ ಅಂಗಿ ಬೆನ್ನಿಗೆ ಅಂಟಿತು.

“ಯಾವಾಗಿಂದ ಕಾಣ್ತಿಲ್ಲ?”

“ಮೂವತ್ತು ವರ್ಷದಿಂದ.”

“ಯಾರ ಮೇಲಾದ್ರೂ ಅನುಮಾನ ಇದ್ಯಾ?”

“ವಿಮಾನದವ್ರ ಮೇಲಿದೆ ಸ್ವಾಮಿ. ಮರ ಇದ್ದದ್ದನ್ನ ನೋಡ್ದೋರು ಅವ್ರೊಬ್ರೇ.”

ಬಾಗಿಲಲ್ಲಿ ನಿಂತಿದ್ದ ಬೀದಿಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸಾಹೇಬರು ಫಾರಂ ತೆಗೆದರು. ಅದರಲ್ಲಿ ಗುರುತು ಹಾಕಲು ಎರಡೇ ಚೌಕ. ‘ಕಳುವಾಗಿದೆ’ ಎಂದರೆ ಅಷ್ಟು ಮರ ಕಾಯದ ಅಧಿಕಾರಿಯ ಮೇಲೆ ವಿಚಾರಣೆ. ‘ಇರಲೇ ಇಲ್ಲ’ ಎಂದರೆ ನಕ್ಷೆಯೇ ತಪ್ಪು. ಅತ್ತ ದರಿ, ಇತ್ತ ಪುಲಿ.

“ಆಫೀಸಿಗೆ ಹೋಗಿ ತುಂಬ್ತೀನಿ.”

“ಜಾಗದಲ್ಲೇ ತುಂಬಬೇಕು ಸರ್,” ಎಂದಳು ನಕ್ಷೆಯವಳು ಮೆಲ್ಲಗೆ. “ನಿಯಮ.”

ಸಾಹೇಬರು ಅವಳನ್ನು ನೋಡಿದರು. ದೂರಿನ ಅಕ್ಷರ ನೋಡಿದರು. ಮತ್ತೆ ಅವಳನ್ನು ನೋಡಿದರು. ಕೆಲಸ ಹೋಯಿತೆಂದೇ ಅವಳು ಅಂದುಕೊಂಡಳು. ಅಷ್ಟರಲ್ಲಿ ಸಾಹೇಬರ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಫಾರಮಿನ ಮೇಲೆ ಬಿತ್ತು. ಅವರು ತಲೆಯೆತ್ತಿ ತಗಡನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು.

“ಇಲ್ಲಿ ದಿನಾ ನಿಲ್ತೀರೇನಮ್ಮಾ?”

“ಕೂತು ಇಸ್ತ್ರಿ ಹಾಕಕ್ಕಾಗತ್ತಾ ಸ್ವಾಮಿ?”

ಸಾಹೇಬರು ಪೆನ್ನು ತೆಗೆದರು. ‘ಇರಲೇ ಇಲ್ಲ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದರು.

ಶುಕ್ರವಾರ ಗಿಡದ ಪಟ್ಟಿಗೆ ಬೀದಿ ಸೇರಿತು. ನಕ್ಷೆಯವಳು ಹೊಸ ನಕ್ಷೆಯ ಪ್ರತಿ ತಂದು ತೋರಿಸಿದಾಗ, ದೊಡ್ಡಮ್ಮ ತಮ್ಮ ಬೀದಿ ಎಲ್ಲಿದೆಯೆಂದು ಕೇಳಿ ಆ ಖಾಲಿ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು.

“ಎಷ್ಟು ಚೆನ್ನಾಗಿ ಬೋಳಾಗಿದೀವಲ್ಲೇ,” ಎಂದಳು. ನಗುತ್ತಲೇ ಇದ್ದಳು, ಕಣ್ಣು ಮಾತ್ರ ತುಂಬಿತ್ತು. “ಮೂವತ್ತು ವರ್ಷಕ್ಕೆ ನಮ್ ಬಗ್ಗೆ ಒಂದು ನಿಜ ಬರೆದ್ರು ನೋಡು.”